ಸಂಕಷ್ಟ ಕಾಲದ ಸಹಾಯಧನ: ಅರ್ಹತೆ ಯಾರಿಗೆ, ಸಾಕ್ಷಿ ಯಾರು?

 

ಕಳೆದ ತಿಂಗಳ ಎರಡು ಜುಮಾಗಳಲ್ಲಿ ನಾವು ವ್ಯಾಪಾರದ ಲೆಕ್ಕ ಬರೆದಿಡುವ ಬಗ್ಗೆ ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಚಪ್ಪಲಿ ಅಂಗಡಿಯ ಸಹೋದರರೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ಹಝ್ರತ್, ಕೊರೋನಾದಲ್ಲಿ ನನ್ನ ಅಂಗಡಿ ತಿಂಗಳುಗಟ್ಟಲೆ ಮುಚ್ಚಿತ್ತು. ಎರಡು ವರ್ಷದ ರಮಝಾನ್ ವ್ಯಾಪಾರ ಕೈತಪ್ಪಿತು. ಸರಕಾರದಿಂದ ಒಂದು ರೂಪಾಯಿ ಬರಲಿಲ್ಲ. ಕೆಲಸವೇ ಬಿಟ್ಟಿದ್ದ ಒಬ್ಬನಿಗೆ ಬಂತು. ಇನ್ನು ಲೆಕ್ಕ ಬರೆದು ಏನು ಪ್ರಯೋಜನ?"

ಆಗ ನಾವು ಸಮಾಧಾನದ ಎರಡು ಮಾತು ಹೇಳಿ ಕಳಿಸಿದೆವು. ಮನೆಗೆ ಬಂದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ಅವರು ಹೇಳಿದ್ದರಲ್ಲಿ ಸತ್ಯವಿತ್ತು. ಅವರು ಹೇಳಿದ "ಕೆಲಸ ಬಿಟ್ಟಿದ್ದವನ" ವಿಷಯದಲ್ಲಿ ನಮ್ಮ ಕೈಯೂ ಇತ್ತು. ಅದನ್ನು ಮುಂದೆ ಹೇಳುತ್ತೇವೆ. ಆ ದಿನಗಳಲ್ಲಿ ಯಾರಿಗೆ ಏಕೆ ಸಹಾಯ ಸಿಕ್ಕಿತು, ಯಾರಿಗೆ ಏಕೆ ಸಿಗಲಿಲ್ಲ, ಇನ್ನೊಂದು ಆಪತ್ತು ಬಂದರೆ ನಮ್ಮ ಸಣ್ಣ ವ್ಯಾಪಾರಿಗಳು ಏನು ಸಿದ್ಧಪಡಿಸಿಕೊಂಡಿರಬೇಕು ಎಂಬುದನ್ನು ನಂತರದ ಜುಮಾದಲ್ಲಿ ವಿವರಿಸಿದೆವು. ಅದರ ಸಾರಾಂಶ ಇಲ್ಲಿದೆ.

ಕೇಳುವ ಹಕ್ಕು ಮೂವರಿಗೆ

ಸಹೀಹ್ ಮುಸ್ಲಿಮ್‌ನಲ್ಲಿ ಕಬೀಸಾ ಬಿನ್ ಮುಖಾರಿಕ್(ರ) ಅವರ ಒಂದು ಹದೀಸ್ ಇದೆ. ಅವರು ಇತರರ ಸಾಲದ ಹೊಣೆಯನ್ನು ತಮ್ಮ ಮೇಲೆ ಹೊತ್ತುಕೊಂಡಿದ್ದರು. ಅದನ್ನು ತೀರಿಸಲು ಸಹಾಯ ಕೇಳುತ್ತಾ ಪ್ರವಾದಿಯವರ(ಸ) ಬಳಿ ಬಂದರು. ಸದಕಾ ಬರುವವರೆಗೆ ಕಾಯಿರಿ, ಅದರಿಂದ ಕೊಡಿಸುತ್ತೇವೆ ಎಂಬ ಅರ್ಥದ ಭರವಸೆ ಕೊಟ್ಟ ಪ್ರವಾದಿಯವರು(ಸ), ಅದರ ಜೊತೆಗೆ ಒಂದು ನಿಯಮವನ್ನೂ ತಿಳಿಸಿದರು. ಸಹಾಯ ಕೇಳುವುದು ಮೂವರಿಗೆ ಮಾತ್ರ ಸಮ್ಮತ. ಒಬ್ಬ, ಇತರರ ಸಾಲದ ಹೊಣೆ ಹೊತ್ತವನು. ಇನ್ನೊಬ್ಬ, ಆಪತ್ತು ಬಡಿದು ಸಂಪತ್ತು ನಾಶವಾದವನು. ಮತ್ತೊಬ್ಬ, ಕಡುಬಡತನ ಕವಿದವನು, ಅವನ ಬಡತನಕ್ಕೆ ಅವನ ಜನರಲ್ಲೇ ವಿವೇಕವುಳ್ಳ ಮೂವರು ಸಾಕ್ಷಿ ಹೇಳಬೇಕು. ಇದರ ಹೊರಗೆ ಕೇಳಿ ಪಡೆದದ್ದು ನಿಷಿದ್ಧ ಸಂಪಾದನೆ.

ಇದರಲ್ಲಿ ಮೂರು ಪಾಠಗಳಿವೆ. ಒಂದು, ನಷ್ಟ ನಿಜವಾಗಿರಬೇಕು. ಎರಡು, ಸಹಾಯಕ್ಕೆ ಮಿತಿಯಿದೆ. ಆಪತ್ತು ಬಡಿದವನು ಮತ್ತೆ ಬದುಕು ನಡೆಸುವಷ್ಟು ಆಧಾರ ಸಿಗುವವರೆಗೆ ಕೇಳಬಹುದು, ಆಮೇಲೆ ನಿಲ್ಲಿಸಬೇಕು. ಮೂರು, ಸಾಕ್ಷಿ ಬೇಕು. ಊರಿಗೇ ಬೀಗ ಬಿದ್ದದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ. ಯಾರ ಮನೆಯ ಒಲೆ ಆರಿದೆ ಎಂಬುದು ಗೋಡೆಯೊಳಗೆ ಉಳಿಯುತ್ತದೆ. ಅದನ್ನು ಬಲ್ಲವರು ಹೇಳಬೇಕು.

ಅರ್ಹತೆ ಎಂಬ ಮಾತು ನಮಗೆ ಹೊಸದಲ್ಲ. ಝಕಾತ್ ಪಡೆಯಲು ಯಾರು ಅರ್ಹರು ಎಂಬ ಎಂಟು ವರ್ಗಗಳನ್ನು ಸೂರಾ ತೌಬಾದ 60ನೇ ವಚನದಲ್ಲಿ ಅಲ್ಲಾಹನೇ ನಿಗದಿಪಡಿಸಿದ್ದಾನೆ. ಸಾಲದಲ್ಲಿ ಸಿಲುಕಿದವರೂ ಆ ಪಟ್ಟಿಯಲ್ಲಿದ್ದಾರೆ. ಆದ್ದರಿಂದ ಸರಕಾರಿ ಕಚೇರಿಯಲ್ಲಿ ದಾಖಲೆ ಕೇಳಿದಾಗ ಅದನ್ನು ಅವಮಾನವೆಂದು ಭಾವಿಸಬೇಕಿಲ್ಲ. ಸಾರ್ವಜನಿಕರ ಹಣ ಅಮಾನತ್. ಅಮಾನತನ್ನು ಹಂಚುವವನು ವಿಚಾರಿಸಲೇಬೇಕು.

ಆ ಎರಡು ವರ್ಷಗಳಲ್ಲಿ ಸರಕಾರ ಕೊಟ್ಟದ್ದು

ದೇಶಾದ್ಯಂತ ಮೊದಲ ಲಾಕ್‌ಡೌನ್ ಬಂದದ್ದು 2020ರ ಮಾರ್ಚ್ 25ರಂದು. ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ಪ್ರಕಟಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ 5,000 ರೂಪಾಯಿ, ಹೂ ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ ಎಂದು ಅದರಲ್ಲಿತ್ತು. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ ಆಯಿತು. ಆ ಪಟ್ಟಿಯಲ್ಲಿ ದರ್ಜಿಗಳು ಇರಲಿಲ್ಲ, ಮೆಕ್ಯಾನಿಕ್‌ಗಳು ಇರಲಿಲ್ಲ.

ಎರಡನೇ ಅಲೆ ಬಂದಾಗ, 2021ರ ಮೇ 19ರಂದು 1,250 ಕೋಟಿ ರೂಪಾಯಿಯ ಇನ್ನೊಂದು ಪ್ಯಾಕೇಜ್ ಬಂತು. ಚಾಲಕರಿಗೆ 3,000 ರೂಪಾಯಿ. ಕಟ್ಟಡ ಕಾರ್ಮಿಕರಿಗೆ 3,000 ರೂಪಾಯಿ. ಅಸಂಘಟಿತ ಕೆಲಸಗಾರರಿಗೆ 2,000 ರೂಪಾಯಿ. ಈ ಬಾರಿ ಕ್ಷೌರಿಕರು ಮತ್ತು ಅಗಸರ ಜೊತೆಗೆ ದರ್ಜಿಗಳು, ಹಮಾಲರು, ಮೆಕ್ಯಾನಿಕ್‌ಗಳು, ಚಿಂದಿ ಆಯುವವರು, ಕಮ್ಮಾರರು, ಕುಂಬಾರರು, ಅಕ್ಕಸಾಲಿಗರು, ಮನೆಗೆಲಸದವರು ಸೇರಿದರು. ಬೀದಿ ವ್ಯಾಪಾರಿಗಳಿಗೂ 2,000 ರೂಪಾಯಿ ಇತ್ತು, ಆದರೆ ಕೇಂದ್ರದ ಆತ್ಮನಿರ್ಭರ ನಿಧಿ ಯೋಜನೆಯಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ. ಜೂನ್ 3ರಂದು ಮತ್ತೆ 500 ಕೋಟಿ ರೂಪಾಯಿಯ ಪ್ಯಾಕೇಜ್ ಬಂತು. ವಿದ್ಯುತ್ ಮಗ್ಗದ ಕೆಲಸಗಾರರು, ಮೀನುಗಾರರು, ದೇವಸ್ಥಾನಗಳ ಅರ್ಚಕರು, ಮಸೀದಿಗಳ ಪೇಶ್ ಇಮಾಮ್ ಮತ್ತು ಮುಅಝ್ಝಿನ್‌ಗಳಿಗೆ ತಲಾ 3,000 ರೂಪಾಯಿ ಎಂದು ಪ್ರಕಟವಾಯಿತು.

ಈ ಪಟ್ಟಿಗಳನ್ನು ಎಚ್ಚರದಿಂದ ನೋಡಿ. ಇವು ಅಂಗಡಿಗೆ ಕೊಟ್ಟ ಹಣವಲ್ಲ, ಕಸುಬಿನ ಹೆಸರು ಹಿಡಿದು ವ್ಯಕ್ತಿಗೆ ಕೊಟ್ಟ ಹಣ. ಚಪ್ಪಲಿ ಅಂಗಡಿ, ಬಳೆ ಅಂಗಡಿ, ಸಣ್ಣ ಹೋಟೆಲ್, ಬಟ್ಟೆ ಅಂಗಡಿ ಇಟ್ಟವರ ಕಸುಬು ಆ ಪಟ್ಟಿಗಳಲ್ಲಿ ಇರಲಿಲ್ಲ. ನಮ್ಮ ಚಪ್ಪಲಿ ಅಂಗಡಿಯ ಸಹೋದರರಿಗೆ ಹಣ ಬಾರದಿರಲು ಮೊದಲ ಕಾರಣ ಇದೇ. ಅವರ ಅರ್ಜಿಯಲ್ಲಿ ತಪ್ಪಿರಲಿಲ್ಲ. ಅವರಿಗಾಗಿ ಅರ್ಜಿಯೇ ಇರಲಿಲ್ಲ.

ಪಟ್ಟಿಯಲ್ಲಿ ಇದ್ದೂ ಸಿಗದವರು

ಇನ್ನೊಂದು ಗುಂಪಿನವರ ಕಸುಬು ಪಟ್ಟಿಯಲ್ಲಿತ್ತು, ಹಣ ಮಾತ್ರ ಬರಲಿಲ್ಲ. 2020ರಲ್ಲಿ ಪ್ಯಾಕೇಜ್ ಪ್ರಕಟಿಸುವಾಗ ಸುಮಾರು 7.75 ಲಕ್ಷ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಪ್ರಯೋಜನವಾಗುತ್ತದೆ ಎಂದು ಸರಕಾರ ಹೇಳಿತ್ತು. ಮರುವರ್ಷದ ಪ್ಯಾಕೇಜಿನಲ್ಲಿ ಲೆಕ್ಕ ಹಿಡಿದದ್ದು 2.10 ಲಕ್ಷ ಚಾಲಕರನ್ನು. ರಸ್ತೆಯಲ್ಲಿ ದುಡಿಯುವವರ ಸಂಖ್ಯೆಗೂ ದಾಖಲೆಯೊಂದಿಗೆ ಅರ್ಜಿ ಹಾಕಿ ಹಣ ಪಡೆಯಬಲ್ಲವರ ಸಂಖ್ಯೆಗೂ ಎಷ್ಟು ಅಂತರವಿರಬಹುದು ಎಂಬುದು ಇದರಿಂದಲೇ ಅಂದಾಜಾಗುತ್ತದೆ.

ನಮ್ಮ ಮೊಹಲ್ಲಾದಲ್ಲಿ ಹಲವರ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಒಬ್ಬೊಬ್ಬರನ್ನೇ ವಿಚಾರಿಸಿದೆವು. ಮುಖ್ಯವಾಗಿ ನಾಲ್ಕು ಕಾರಣ ಕಂಡವು.

ಮೊದಲನೆಯದು ಹೆಸರು. ಒಬ್ಬರೇ ವ್ಯಕ್ತಿ ಆಧಾರ್‌ನಲ್ಲಿ ಮೊಹಮ್ಮದ್, ರೇಷನ್ ಕಾರ್ಡಿನಲ್ಲಿ ಮಹಮದ್, ಬ್ಯಾಂಕಿನಲ್ಲಿ ಎಂಡಿ. ನಮ್ಮ ಸಹೋದರಿಯರ ಹೆಸರು ಒಂದು ಕಡೆ ಬೀ, ಇನ್ನೊಂದು ಕಡೆ ಬಾನು, ಮತ್ತೊಂದು ಕಡೆ ಬೇಗಂ. ಊರಿನಲ್ಲಿ ಎಲ್ಲರಿಗೂ ಅವರು ಒಬ್ಬರೇ ಎಂದು ಗೊತ್ತು. ಕಂಪ್ಯೂಟರಿಗೆ ಅವರು ಮೂವರು.

ಎರಡನೆಯದು ಬ್ಯಾಂಕ್ ಖಾತೆ. ಇಂಥ ಹಣ ಆಧಾರ್ ಸಂಖ್ಯೆಯ ಮೂಲಕ ಬರುತ್ತದೆ. ಒಬ್ಬರಿಗೆ ಹಲವು ಖಾತೆಗಳಿದ್ದರೆ, ಯಾವ ಖಾತೆಯನ್ನು ಕೊನೆಯದಾಗಿ ಆಧಾರ್ ಪಾವತಿಗೆ ಜೋಡಿಸಲಾಗಿದೆಯೋ ಅದಕ್ಕೇ ಹಣ ಹೋಗುತ್ತದೆ. ಯಾವಾಗಲೋ ತೆರೆದು ಮರೆತ ಖಾತೆಗೆ ಜೋಡಣೆಯಾಗಿದ್ದರೆ ಹಣ ಅಲ್ಲಿ ಬಿದ್ದಿರುತ್ತದೆ. "ಬಂದೇ ಇಲ್ಲ" ಎಂದುಕೊಂಡಿದ್ದ ಇಬ್ಬರಿಗೆ ಹೀಗೇ ಹಳೆಯ ಪಾಸ್‌ಬುಕ್‌ನಲ್ಲಿ ಹಣ ಸಿಕ್ಕಿತು.

ಮೂರನೆಯದು ಕಸುಬಿನ ದೃಢೀಕರಣ. ಕ್ಷೌರಿಕರು, ದರ್ಜಿಗಳು ಮುಂತಾದವರು ತಮ್ಮ ಕಸುಬನ್ನು ಅಧಿಕಾರಿಯಿಂದ ದೃಢೀಕರಿಸಿಕೊಂಡು ಸೇವಾ ಸಿಂಧು ತಾಣದಲ್ಲಿ ಅರ್ಜಿ ಹಾಕಬೇಕಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದ ಕೈಗೆ ಒಂದು ಚೀಟಿ ಇರಲಿಲ್ಲ. ಲಾಕ್‌ಡೌನ್ ನಡುವೆ ಕಚೇರಿ ಹುಡುಕುವುದು ಸುಲಭವೂ ಆಗಿರಲಿಲ್ಲ.

ನಾಲ್ಕನೆಯದು ಊರಿನ ಗಡಿ. ಆತ್ಮನಿರ್ಭರ ನಿಧಿ ಪಟ್ಟಣ ಮತ್ತು ನಗರಗಳ ಬೀದಿ ವ್ಯಾಪಾರಿಗಳಿಗಾಗಿ ಮಾಡಿದ ಯೋಜನೆ. ಸುತ್ತಲಿನ ಹಳ್ಳಿಯಿಂದ ಬಂದು ಪಟ್ಟಣದ ಮಿತಿಯೊಳಗೆ ಮಾರುವವರಿಗೂ ಅವಕಾಶವಿತ್ತು. ಆದರೆ ಹಳ್ಳಿಯಿಂದ ಹಳ್ಳಿಗೆ ಸೈಕಲ್ ಮೇಲೆ ಬಟ್ಟೆ ಮಾರುವವರು, ಸಂತೆಯಿಂದ ಸಂತೆಗೆ ಹೋಗುವವರು ಯಾವ ನಗರಸಭೆಯ ಪಟ್ಟಿಯಲ್ಲೂ ಇರಲಿಲ್ಲ.

ಸಹಾಯಧನ ಬೇರೆ, ಸಾಲ ಬೇರೆ

ಆ ದಿನಗಳಲ್ಲಿ ನಮ್ಮ ಜನರನ್ನು ಹೆಚ್ಚು ಗೊಂದಲಕ್ಕೆ ತಳ್ಳಿದ್ದು ಈ ವಿಷಯ. ಮೊಬೈಲಿನಲ್ಲಿ ಬರುವ ಸಂದೇಶಗಳು ಎಲ್ಲವನ್ನೂ "ಸರಕಾರದ ಹಣ" ಎಂದೇ ಕರೆಯುತ್ತಿದ್ದವು. ಹಿಂದಿರುಗಿಸಬೇಕಿಲ್ಲದ್ದು ಸಹಾಯಧನ. ಹಿಂದಿರುಗಿಸಬೇಕಾದದ್ದು ಸಾಲ. ಸಾಲದಲ್ಲೂ ಬಡ್ಡಿಯುಳ್ಳದ್ದು, ಬಡ್ಡಿಯಿಲ್ಲದ್ದು ಎಂದು ಎರಡು ಬಗೆ. ಅರ್ಜಿಗೆ ಸಹಿ ಹಾಕುವ ಮೊದಲು ಇದು ಯಾವುದು ಎಂದು ಕೇಳಿ ತಿಳಿಯುವುದು ಮುಸ್ಲಿಮನ ಕರ್ತವ್ಯ.

ಪಿಎಂ ಸ್ವನಿಧಿ ಎಂದು ಕರೆಯುವ ಆತ್ಮನಿರ್ಭರ ನಿಧಿ 2020ರ ಜೂನ್ 1ರಂದು ಆರಂಭವಾಯಿತು. 2020ರ ಮಾರ್ಚ್ 24ರಂದು ಅಥವಾ ಅದಕ್ಕಿಂತ ಮೊದಲು ವ್ಯಾಪಾರ ಮಾಡುತ್ತಿದ್ದ ಬೀದಿ ವ್ಯಾಪಾರಿಗಳಿಗೆ ಮೊದಲು 10,000, ಅದನ್ನು ತೀರಿಸಿದರೆ 20,000, ನಂತರ 50,000 ರೂಪಾಯಿ. ಇದಕ್ಕೆ ಜಾಮೀನು ಬೇಕಿಲ್ಲ. ಆದರೆ ಇದು ಬಡ್ಡಿಯುಳ್ಳ ಬ್ಯಾಂಕ್ ಸಾಲ. ಸಕಾಲಕ್ಕೆ ಕಂತು ಕಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ರಷ್ಟು ಬಡ್ಡಿ ಸಹಾಯಧನ ಖಾತೆಗೆ ಮರಳುತ್ತದೆ. 2025ರಲ್ಲಿ ಕೇಂದ್ರ ಸರಕಾರ ಈ ಯೋಜನೆಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿ, ಮೊದಲ ಕಂತನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಿತು. ಬಡ್ಡಿಯ ವಿಷಯದಲ್ಲಿ ಪ್ರತಿಯೊಬ್ಬರ ಸ್ಥಿತಿ ಬೇರೆಯಾದ್ದರಿಂದ ತಮ್ಮ ಪ್ರದೇಶದ ಮುಫ್ತಿಯವರನ್ನು ಕೇಳಿಯೇ ಮುಂದುವರಿಯಬೇಕು. ಇದನ್ನು ಉಚಿತ ಹಣವೆಂದು ತಿಳಿದು ತೆಗೆದುಕೊಂಡು, ಕಂತು ತಪ್ಪಿಸಿ ಸಿಕ್ಕಿಹಾಕಿಕೊಳ್ಳಬಾರದು ಎಂದಷ್ಟೇ ಇಲ್ಲಿ ಹೇಳುತ್ತೇವೆ. ಬೀದಿ ವ್ಯಾಪಾರಿಗಳಿಗೆ ಸಹಕಾರಿ ಬ್ಯಾಂಕುಗಳ ಮೂಲಕ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಡುವ ಬಡವರ ಬಂಧು ಯೋಜನೆಯನ್ನು ನಮ್ಮ ರಾಜ್ಯ 2018ರಲ್ಲೇ ಆರಂಭಿಸಿತ್ತು. ನಮ್ಮ ಮೊಹಲ್ಲಾದ ಹೆಚ್ಚಿನವರು ಅದರ ಹೆಸರನ್ನೇ ಕೇಳಿರಲಿಲ್ಲ.

ಅಂಗಡಿ ಮತ್ತು ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ 2020ರ ಮೇ ತಿಂಗಳಲ್ಲಿ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಪ್ರಕಟಿಸಿತು. ಜಾಮೀನು ಬೇಡ, ಖಾತರಿ ಸರಕಾರದ್ದು. ಮೊತ್ತ ಎಷ್ಟು? 2020ರ ಫೆಬ್ರವರಿ 29ರಂದು ಆ ಉದ್ದಿಮೆಯ ಮೇಲೆ ಬಾಕಿಯಿದ್ದ ಸಾಲದ ಶೇಕಡಾ 20. ಅಂದರೆ 5 ಲಕ್ಷ ಬಾಕಿ ಇದ್ದವನಿಗೆ 1 ಲಕ್ಷ. ಸಾಲವೇ ಇಲ್ಲದವನಿಗೆ? ಸೊನ್ನೆಯ ಶೇಕಡಾ 20 ಸೊನ್ನೆಯೇ. ಬ್ಯಾಂಕುಗಳ ಮೂಲಕ ಬೇಗ ಹಣ ತಲುಪಿಸಲು ಮಾಡಿದ ಲೆಕ್ಕ ಅದು, ಅದರ ಉದ್ದೇಶ ಹಳೆಯ ಸಾಲಗಾರರು ಮುಳುಗದಂತೆ ನೋಡಿಕೊಳ್ಳುವುದು. ಇದರ ಫಲವಾಗಿ, ಅಲ್ಲಾಹನ ಭಯದಿಂದ ಬಡ್ಡಿಗೆ ಕೈ ಚಾಚದೆ ಸ್ವಂತ ದುಡಿಮೆಯಿಂದ ಅಂಗಡಿ ನಡೆಸಿದವನು ಆ ಲೆಕ್ಕದಲ್ಲಿ ಕಾಣಿಸಲೇ ಇಲ್ಲ. ನಮ್ಮ ಚಪ್ಪಲಿ ಅಂಗಡಿಯ ಸಹೋದರರು ಅಂಥವರಲ್ಲಿ ಒಬ್ಬರು. ಅವರು ಬಡ್ಡಿಯಿಂದ ದೂರ ಉಳಿದದ್ದು ಸರಿಯೇ, ಅದರ ಪ್ರತಿಫಲ ಅಲ್ಲಾಹನ ಬಳಿ ಇದೆ. ಆದರೆ ಸಾಲಗಾರನಾಗಿ ಸರಕಾರದ ಕಣ್ಣಿಗೆ ಕಾಣಿಸದವನು ವ್ಯಾಪಾರಿಯಾಗಿಯಾದರೂ ಕಾಣಿಸಬೇಕು. ಅದಕ್ಕೆ ಬಡ್ಡಿಯಿಲ್ಲದ ದಾರಿಗಳಿವೆ.

ನಮ್ಮ ತಪ್ಪು

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರೋಣ. 2021ರ ಪ್ಯಾಕೇಜ್ ಬಂದಾಗ ಯುವಕರೊಬ್ಬರು ನಮ್ಮ ಬಳಿ ಬಂದರು. "ನಾನು ದರ್ಜಿ ಎಂದು ಮಸೀದಿಯ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ, ದೃಢೀಕರಣಕ್ಕೆ ಅನುಕೂಲವಾಗುತ್ತದೆ" ಎಂದರು. ಅವರ ತಂದೆ ಒಳ್ಳೆಯ ದರ್ಜಿ, ನಮ್ಮ ಜುಬ್ಬಾಗಳನ್ನೂ ಹೊಲಿದವರು. ನಾವು ಎರಡು ಪ್ರಶ್ನೆ ಕೇಳದೆ ಬರೆದು, ಸಹಿ ಮಾಡಿ ಕೊಟ್ಟೆವು. ತಂದೆ ತೀರಿದ ಮೇಲೆ ಹೊಲಿಗೆ ಯಂತ್ರಗಳನ್ನು ಮಾರಿ, ಮಗ ಬೇರೆ ಕಡೆ ಸಂಬಳಕ್ಕೆ ಸೇರಿ ವರ್ಷಗಳಾಗಿದ್ದವು ಎಂಬುದು ಆಮೇಲೆ ತಿಳಿಯಿತು. ಅವರಿಗೆ 2,000 ರೂಪಾಯಿ ಬಂತು.

ಅದೇ ಬೀದಿಯಲ್ಲಿ ಗಂಡನನ್ನು ಕಳೆದುಕೊಂಡ ಸಹೋದರಿಯೊಬ್ಬರು ಮನೆಯಲ್ಲೇ ಬುರ್ಖಾ ಮತ್ತು ರವಿಕೆ ಹೊಲಿದು ಮಕ್ಕಳನ್ನು ಸಾಕುತ್ತಿದ್ದರು. ಅವರು ಅರ್ಜಿಯನ್ನೇ ಹಾಕಿರಲಿಲ್ಲ. ಕೇಳಿದಾಗ ಹೇಳಿದರು: "ಅಂಗಡಿ ಇದ್ದವರಿಗೆ ಮಾತ್ರ ಅಂದುಕೊಂಡೆ. ನಾನು ಮನೆಯಲ್ಲಿ ಹೊಲಿಯುವವಳು." ಅವರು ದರ್ಜಿ ಎಂಬುದು ನಮಗೆ ಗೊತ್ತಿತ್ತು. ನಮ್ಮ ಮನೆಯ ಬಟ್ಟೆಗಳು ಅವರಲ್ಲಿಗೇ ಹೋಗುತ್ತಿದ್ದವು. ಹೋಗಿ ಹೇಳಲಿಲ್ಲ.

ಸೂರಾ ಬಕರಾದ 282ನೇ ವಚನ ವ್ಯವಹಾರವನ್ನು ಬರೆದಿಡಲು, ಸಾಕ್ಷಿಗಳನ್ನು ಇಟ್ಟುಕೊಳ್ಳಲು ಕಲಿಸುತ್ತದೆ. ಕುರ್‌ಆನಿನ ಅತ್ಯಂತ ದೀರ್ಘ ವಚನ ಅದೇ. ಅದರ ಮುಂದಿನ ವಚನ ಸಾಕ್ಷ್ಯವನ್ನು ಮರೆಮಾಡಬಾರದೆಂದು ಎಚ್ಚರಿಸುತ್ತದೆ. ನಾವು ಜುಮಾದಲ್ಲಿ ಈ ವಚನಗಳನ್ನು ಎಷ್ಟೋ ಬಾರಿ ಓದಿದ್ದೇವೆ. ಆದರೂ ಒಂದೇ ವಾರದಲ್ಲಿ, ತಿಳಿಯದ ವಿಷಯಕ್ಕೆ ಸಾಕ್ಷಿ ಹೇಳಿದೆವು, ತಿಳಿದ ವಿಷಯದ ಸಾಕ್ಷಿಯನ್ನು ಮನೆಯಲ್ಲೇ ಇಟ್ಟುಕೊಂಡೆವು. ಆ ಸಹೋದರಿಯ ಬಳಿ ನಾವು ಕ್ಷಮೆ ಕೇಳಿದ್ದೇವೆ. ಇಲ್ಲಿ ಬರೆಯುವುದು ಇತರ ಇಮಾಮರು, ಜಮಾಅತ್‌ನ ಹಿರಿಯರು ಅದೇ ತಪ್ಪು ಮಾಡದಿರಲಿ ಎಂದು.

"ಸರಕಾರದ ಹಣ ತಾನೇ, ಯಾರ ಜೇಬಿನಿಂದಲೂ ಹೋಗಿಲ್ಲ" ಎನ್ನುವವರಿದ್ದಾರೆ. ಆ ಹಣ ಎಲ್ಲರ ಜೇಬಿನದು. ಬೆಂಕಿಪೊಟ್ಟಣ ಕೊಳ್ಳುವ ವಿಧವೆಯ ತೆರಿಗೆಯೂ ಅದರಲ್ಲಿದೆ. ಸುಳ್ಳು ದಾಖಲೆ ಕೊಟ್ಟು ಹಣ ಪಡೆಯುವುದು ಕಾನೂನಿನಲ್ಲಿ ಅಪರಾಧ, ಅಲ್ಲಾಹನ ಮುಂದೆ ಖಿಯಾನತ್. ಯಾರಾದರೂ ಹೀಗೆ ಪಡೆದು ಈಗ ಪಶ್ಚಾತ್ತಾಪಪಡುತ್ತಿದ್ದರೆ, ಬರೀ ತೌಬಾ ಸಾಲದು. ಹಣವನ್ನು ಸರಕಾರಕ್ಕೆ ಹಿಂದಿರುಗಿಸುವ ದಾರಿಯನ್ನು ಸಂಬಂಧಿಸಿದ ಇಲಾಖೆಯಲ್ಲಿ ಕೇಳಬೇಕು. ಅದು ಸಾಧ್ಯವೇ ಆಗದಿದ್ದರೆ ಪುಣ್ಯದ ಆಸೆಯಿಲ್ಲದೆ ಬಡವರಿಗೆ ತಲುಪಿಸಿ ಹೊಣೆಯಿಂದ ಹೊರಬರಬೇಕು ಎಂದು ವಿದ್ವಾಂಸರು ತಿಳಿಸಿದ್ದಾರೆ.

ಕೇಳಲು ನಾಚುವವರು

ಇನ್ನೊಂದು ಬದಿಯೂ ಇದೆ. ನಮ್ಮಲ್ಲಿ ಮಾನವಂತರು ಬಹಳ. ಕೈ ಚಾಚಬಾರದು ಎಂದು ಉಪವಾಸ ಇರುತ್ತಾರೆ. ಜನರ ಬೆನ್ನುಹತ್ತಿ ಬೇಡದ ಬಡವರನ್ನು, ಅವರ ಸಂಯಮ ನೋಡಿ ತಿಳಿಯದವರು ಸ್ಥಿತಿವಂತರೆಂದು ಭಾವಿಸುತ್ತಾರೆ ಎಂಬ ವಿಷಯ ಸೂರಾ ಬಕರಾದ 273ನೇ ವಚನದಲ್ಲಿದೆ. ಅವರ ಗುಣ ದೊಡ್ಡದು. ಆದರೆ ಆಪತ್ತಿನಿಂದ ನಷ್ಟವಾದವನು ಆಧಾರ ಸಿಗುವವರೆಗೆ ಕೇಳುವುದು ಸಮ್ಮತವೆಂದು ಪ್ರವಾದಿಯವರೇ(ಸ) ಹೇಳಿರುವಾಗ, ನಿಜವಾದ ನಷ್ಟಕ್ಕೆ ನಿಜವಾದ ಅರ್ಜಿ ಹಾಕುವುದು ಭಿಕ್ಷೆಯಲ್ಲ. ತೆರಿಗೆ ಕಟ್ಟಿದ ಪ್ರಜೆಗೆ ರಾಜ್ಯ ತೋರುವ ಕರ್ತವ್ಯ ಅದು. ಹಝ್ರತ್ ಉಮರ್(ರ) ತಮ್ಮ ಆಡಳಿತದಲ್ಲಿ ದೀವಾನ್ ಎಂಬ ದಫ್ತರ ಇಟ್ಟು, ಹೆಸರುಗಳನ್ನು ಬರೆಸಿ, ಭತ್ಯೆ ಹಂಚಿದರು. ಹಿಜ್ರಿ 18ರ ಬರಗಾಲದಲ್ಲಿ ಝಕಾತ್ ವಸೂಲಿಯನ್ನೇ ಮುಂದೂಡಿದರು. ದಫ್ತರದಲ್ಲಿ ಹೆಸರಿರುವುದು ಆಗ ಯಾರಿಗೂ ನಾಚಿಕೆಯ ವಿಷಯವಾಗಿರಲಿಲ್ಲ.

ಈಗ ಮಾಡಿಡಬೇಕಾದದ್ದು

ಆಪತ್ತು ಬಂದ ಮೇಲೆ ದಾಖಲೆ ಹುಡುಕಲು ಹೊರಟರೆ ಸುಳ್ಳು ಹೇಳುವ ಆಸೆ ಹುಟ್ಟುತ್ತದೆ. ಆರೋಗ್ಯವಾಗಿರುವಾಗಲೇ ಸತ್ಯದ ದಾಖಲೆ ಮಾಡಿಡಬೇಕು.

ಬೀದಿ ವ್ಯಾಪಾರಿಗಳು: 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯಬೇಕು. ಸಮೀಕ್ಷೆಯವರು ಬಂದ ದಿನ ಗಾಡಿ ಬಿಟ್ಟು ಎಲ್ಲೂ ಹೋಗಬೇಡಿ. ವ್ಯಾಪಾರ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಕೇಳಿ ಪಡೆಯಿರಿ.

ಕೂಲಿ ಮತ್ತು ಕಸುಬಿನವರು: 2021ರ ಆಗಸ್ಟ್ 26ರಂದು ಆರಂಭವಾದ ಇ-ಶ್ರಮ್‌ನಲ್ಲಿ 16ರಿಂದ 59 ವರ್ಷದ ಅಸಂಘಟಿತ ಕೆಲಸಗಾರರು ನೋಂದಾಯಿಸಬಹುದು. ಆದಾಯ ತೆರಿಗೆ ಕಟ್ಟುವವರಿಗೆ, ಭವಿಷ್ಯ ನಿಧಿ ಅಥವಾ ಇಎಸ್ಐ ಸದಸ್ಯರಿಗೆ ಅದಿಲ್ಲ. ಮನೆಯಲ್ಲಿ ಹೊಲಿಯುವ, ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಸಹೋದರಿಯರೇ, ನೀವೂ ಕೆಲಸಗಾರರೇ. ನಿಮ್ಮ ಕಸುಬನ್ನು ಅದರಲ್ಲಿ ಸರಿಯಾಗಿ ಬರೆಸಿ.

ಅಂಗಡಿ ಮತ್ತು ಸಣ್ಣ ಉದ್ದಿಮೆಯವರು: ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಅದು ಪೂರ್ತಿ ಉಚಿತ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ 2021ರ ಜುಲೈಯಲ್ಲಿ ಅವಕಾಶ ಸಿಕ್ಕಿತು, ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ಸಾಲ ಬೇಡದವರಿಗೂ ಇಂಥ ದಿನದಿಂದ ಇಂಥ ವ್ಯಾಪಾರ ಇದೆ ಎಂಬುದಕ್ಕೆ ಅದು ಒಂದು ಗುರುತು. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿಯನ್ನೂ ನವೀಕರಿಸಿಡಿ.

ಎಲ್ಲರೂ: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೊಂದುತ್ತದೆಯೇ ನೋಡಿ. ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಪ್ರತಿದಿನದ ಮಾರಾಟವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಝಕಾತ್ ಲೆಕ್ಕಕ್ಕೂ ಅದೇ ಪುಸ್ತಕ ಬೇಕು.

"ಲೆಕ್ಕ ಕಂಡರೆ ತೆರಿಗೆಯವರು ಬರುತ್ತಾರೆ" ಎಂಬ ಭಯ ನಮಗೆ ಗೊತ್ತು. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದವು. ಜಿಎಸ್‌ಟಿ ನೋಂದಣಿಯ ಮಿತಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು. ಅದರ ಕೆಳಗಿದ್ದೇನೆ ಎಂದು ಹೇಳಲು ಬೇಕಾದದ್ದು ಆ ಲೆಕ್ಕದ ಪುಸ್ತಕವೇ. ಅದರ ಮೇಲಿದ್ದರೆ ತೆರಿಗೆ ಕಟ್ಟುವುದು ನಮ್ಮ ಮೇಲಿನ ಹಕ್ಕು. ಕೊಡುವಾಗ ಅಡಗಿ ಕುಳಿತು, ಪಡೆಯುವಾಗ ಎದ್ದು ನಿಲ್ಲುವುದು ವಿಶ್ವಾಸಿಗೆ ಒಪ್ಪುವುದಿಲ್ಲ.

ಜಮಾಅತ್‌ನ ಹೊಣೆ

ಸರಕಾರದ ಪಟ್ಟಿಯಿಂದ ಹೊರಗೆ ಉಳಿಯುವವರು ಯಾವಾಗಲೂ ಇರುತ್ತಾರೆ. ಅವರಿಗೆ ನಾವಿದ್ದೇವೆಯೇ? ಹಣ್ಣಿನ ಬೆಳೆ ಕೊಂಡವನಿಗೆ ಆಪತ್ತು ಬಡಿದು ಬೆಳೆ ನಾಶವಾದರೆ, ಮಾರಿದವನು ಅವನಿಂದ ಹಣ ಪಡೆಯುವುದನ್ನು ಪ್ರವಾದಿಯವರು(ಸ) ತಡೆದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದರ ವಿವರಗಳಲ್ಲಿ ಫಿಕ್ಹ್ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ, ಅದರ ಆಶಯದಲ್ಲಿ ಇಲ್ಲ. ನಮ್ಮಲ್ಲಿ ಮಳಿಗೆ ಬಾಡಿಗೆಗೆ ಕೊಟ್ಟವರು ಎಷ್ಟು ಜನ ಆ ಮುಚ್ಚಿದ ತಿಂಗಳುಗಳ ಬಾಡಿಗೆ ಬಿಟ್ಟೆವು? ನಮ್ಮ ಮಸೀದಿಯ ಮಳಿಗೆಗಳಲ್ಲೂ ಮೊದಲ ತಿಂಗಳು ಪೂರ್ತಿ ಬಾಡಿಗೆ ಕೇಳಲಾಗಿತ್ತು. ಬಾಡಿಗೆದಾರರು ಬಂದು ಕುಳಿತ ಮೇಲೆಯೇ ಸಮಿತಿ ಅರ್ಧಕ್ಕೆ ಇಳಿಸಿತು.

ಈಗ ನಮ್ಮ ಮಸೀದಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಮೊಹಲ್ಲಾದ ಯಾರು ಯಾವ ಕಸುಬು ಮಾಡುತ್ತಾರೆ, ಅವರ ಬಳಿ ಯಾವ ದಾಖಲೆ ಇದೆ, ಯಾವುದು ಇಲ್ಲ ಎಂದು ಬರೆಯುತ್ತೇವೆ. ಕಸುಬಿನ ಬಗ್ಗೆ ಪತ್ರ ಬೇಕಾದರೆ ನಾವೊಬ್ಬರೇ ಸಹಿ ಹಾಕುವುದಿಲ್ಲ, ಆ ಬೀದಿಯ ಮೂವರು ಬಲ್ಲವರು ಹೇಳಬೇಕು. ಕಬೀಸಾ(ರ) ಅವರ ಹದೀಸ್‌ನಿಂದ ನಾವು ತಡವಾಗಿ ಕಲಿತ ಪಾಠ ಇದು. ಪುಸ್ತಕದ ಮೊದಲ ಪುಟದಲ್ಲಿ ಆ ಹೊಲಿಗೆಯ ಸಹೋದರಿಯ ಹೆಸರಿದೆ. ಇ-ಶ್ರಮ್ ನೋಂದಣಿ ಮಾಡಿಸಲು ನಮ್ಮ ಮದ್ರಸಾದ ಇಬ್ಬರು ಹುಡುಗರು ಭಾನುವಾರ ಮೊಹಲ್ಲಾ ಸುತ್ತುತ್ತಿದ್ದಾರೆ. ಚಪ್ಪಲಿ ಅಂಗಡಿಯ ಸಹೋದರರು ತಮ್ಮ ಹಳೆಯ ಲೆಕ್ಕದ ಪುಸ್ತಕವನ್ನು ಹೊರತೆಗೆದು ಮತ್ತೆ ಬರೆಯಲು ಶುರು ಮಾಡಿದ್ದಾರೆ.

ಅಲ್ಲಾಹನು ನಮ್ಮನ್ನು ಆಪತ್ತುಗಳಿಂದ ಕಾಪಾಡಲಿ. ಆಪತ್ತು ಬಂದರೆ ಸತ್ಯದ ಮೇಲೆ ನಿಲ್ಲಿಸಲಿ. ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಪರರ ಹಕ್ಕಿನ ಒಂದು ಪೈಸೆಯೂ ನಮ್ಮ ಮಕ್ಕಳ ಹೊಟ್ಟೆ ಸೇರದಂತೆ ರಕ್ಷಿಸಲಿ. ನಮ್ಮ ಸಾಕ್ಷಿಯನ್ನು ಕಾಯುತ್ತಿರುವವರನ್ನು ನಮಗೆ ಕಾಣಿಸಲಿ. ಆಮೀನ್.